ಬಲೆಯ ದುಡ್ಡಿನ ಸ್ಟ್ರೈಕರ್

ನಮ್ಮ ಮೈದಾನದ ಗೋಲ್ ಕಂಬಗಳಿಗೆ ಈಗಲೂ ಬಲೆ ಇಲ್ಲ. ಚೆಂಡು ಕಂಬಗಳ ನಡುವೆ ಹಾದರೆ ನೇರ ಹಿಂದಿನ ಜೋಳದ ಹೊಲಕ್ಕೆ ಹೋಗುತ್ತದೆ. ಗೋಲು ಹೊಡೆದವನೇ ಹೋಗಿ ತರಬೇಕು. ಹೊಲದ ಯಜಮಾನ ಬೈದರೆ ಬೈಸಿಕೊಳ್ಳುವುದೂ ಅವನ ಪಾಲಿಗೆ ಸೇರಿದ್ದು. ಬಲೆ ಕೊಳ್ಳಲೆಂದೇ ಒಂದು ವರ್ಷ ಹಣ ಕೂಡಿಸಿದೆವು. ಆ ಹಣದಲ್ಲಿ ಮೂರು ಮ್ಯಾಚಿಗೆಂದು ಒಬ್ಬ ಸ್ಟ್ರೈಕರ್‌ನನ್ನು ಕರೆಸಿದೆವು. ಅದಕ್ಕೆ ಕಾರಣ ನನ್ನ ನೋಟ್‌ಬುಕ್.

ನಾನು ಚಿಕ್ಕಯ್ಯನಛತ್ರದ ಕಡೆಯವನು. ಊರಿನ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಲೀಟರು, ಹಾಲಿನ ಬೆಲೆ ತೀರ್ಮಾನಿಸುವ ಫ್ಯಾಟು ಬರೆಯುವುದು ನನ್ನ ಕೆಲಸ. ಡೇರಿಯ ರಿಜಿಸ್ಟರಿನಲ್ಲಿ ತಿದ್ದುವ ಹಾಗಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಗೆರೆ ಎಳೆದು, ತಪ್ಪು ಕಾಣುವ ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಣ್ಣ ಸಹಿ ಹಾಕಬೇಕು. ಆ ಅಭ್ಯಾಸ ನನಗೆ ಕೈಗೆ ಮಾತ್ರವಲ್ಲ, ತಲೆಗೂ ಹತ್ತಿದೆ. ನನ್ನ ಸ್ವಂತ ದಿನಚರಿಯಲ್ಲೂ ಹಾಗೆಯೇ ಬರೆಯುತ್ತೇನೆ. ಎಷ್ಟು ಗಂಟೆಗೆ ಎದ್ದೆ, ಬಸ್ಸು ಎಷ್ಟು ನಿಮಿಷ ತಡ, ನಮ್ಮ ತಂಡದ ಗೋಲುಗಳು, ಯಾರ ಕಾಲಿನಿಂದ, ಎಷ್ಟನೇ ನಿಮಿಷ, ಎಲ್ಲಕ್ಕೂ ಒಂದೊಂದು ಕಾಲಮ್ಮು.

ತಂಡ ನನ್ನದಲ್ಲ, ನಮ್ಮ ಚಿಕ್ಕಪ್ಪನದು. ಚಿಕ್ಕಪ್ಪ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ವಯಸ್ಸು ನಲವತ್ತೊಂದು, ಎಡ ಮಂಡಿಗೆ ಸದಾ ಕ್ರೇಪ್ ಬ್ಯಾಂಡೇಜ್, ಬಲ ತೋಳಿಗೆ ಹಳದಿ ಎಲಾಸ್ಟಿಕ್ ಪಟ್ಟಿ. ಹದಿನಾರು ವರ್ಷದಿಂದ ಅವರೇ ಕ್ಯಾಪ್ಟನ್. ಪಟ್ಟಿಯ ಹಳದಿ ಬಣ್ಣ ಎಲ್ಲಿಯೂ ಹಳದಿಯಾಗಿ ಉಳಿದಿರಲಿಲ್ಲ. ಆದರೂ ಮ್ಯಾಚಿನ ಹಿಂದಿನ ದಿನ ಅದನ್ನು ಬೇರೆಯಾಗಿ ಒಗೆದು, ಬೇರೆಯಾಗಿ ಒಣಗಿಸುತ್ತಿದ್ದರು.

ಟಿ. ನರಸೀಪುರದಲ್ಲಿ ಪ್ರತಿ ವರ್ಷ ಮಾರ್ಚಿನಲ್ಲಿ ನಾಲ್ಕು ತಂಡಗಳ ಲೀಗ್ ನಡೆಯುತ್ತದೆ. ಮೂರು ಭಾನುವಾರ, ಪ್ರತಿ ತಂಡಕ್ಕೂ ಮೂರು ಮ್ಯಾಚು. ಸ್ಟ್ರೈಕರ್‌ನನ್ನು ಕರೆಸುವ ಮುಂಚಿನ ಎರಡು ವರ್ಷವೂ ಅದರಲ್ಲಿ ನಾವು ಕೊನೆಯವರು. ಎರಡು ವರ್ಷದ ಆರು ಮ್ಯಾಚಿನಲ್ಲಿ ನಮ್ಮ ಗೋಲು ಎರಡು, ಅದರಲ್ಲೂ ಒಂದು ಪೆನಾಲ್ಟಿ. ಈ ಲೆಕ್ಕ ತೋರಿಸಿದವನೂ ನಾನೇ.

"ಮಗ, ನಮ್ಗೆ ಗೋಲ್ ಒಡೆಯೋನು ಒಬ್ಬ ಬೇಕು ಕಣ್ಲಾ" ಅಂದರು ಚಿಕ್ಕಪ್ಪ. "ಗಡಿ ಆಚೆ ವಯನಾಡ್ ಕಡೆ ಟೂರ್ನಮೆಂಟ್ ನಡೀತಾ ಅವೆ. ನಂಗೆ ರಜ ಸಿಗಾಕಿಲ್ಲ. ನೀನೋಗಿ ನೋಡ್ಕಂಡು, ಬರ್ಕಂಡು ಬಾ."

ಡೇರಿಯಲ್ಲಿ ಸಂಜೆ ಪಾಳಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಜನವರಿಯ ಮೂರು ಶನಿವಾರ ಹೋಗಿ ಬಂದೆ. ಗುಂಡ್ಲುಪೇಟೆ ದಾಟಿ, ಕಾಡು ದಾಟಿ, ಕೊಯ್ಲಾದ ಭತ್ತದ ಗದ್ದೆಯಲ್ಲಿ ಮಾಡಿದ ಮೈದಾನ. ಕಾಡಿನ ರಸ್ತೆಯ ಗೇಟು ರಾತ್ರಿ ಮುಚ್ಚುವುದರಿಂದ ಮಧ್ಯಾಹ್ನದ ಮ್ಯಾಚುಗಳನ್ನಷ್ಟೇ ನೋಡಿ ಹಿಂತಿರುಗುತ್ತಿದ್ದೆ. ಅಲ್ಲಿ ಒಬ್ಬನಿದ್ದ. ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ, ಉದ್ದ ಕಾಲು, ಅವಸರವೇ ಇಲ್ಲದ ನಡಿಗೆ. ಗೋಲ್ ಕಂಬದ ಹತ್ತಿರ ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಚೆಂಡು ಬಂತೋ, ಒಂದೇ ತಟ್ಟು, ಗೋಲು. ಐದು ಮ್ಯಾಚು, ಒಂಬತ್ತು ಗೋಲು. ನಾಲ್ಕು ಬಲಗಾಲು, ಎರಡು ಎಡಗಾಲು, ಮೂರು ತಲೆ. ಎಲ್ಲವನ್ನೂ ಬರೆದುಕೊಂಡೆ. ಆ ದಿನದ ಬಿಸಿಲು, ಚೆಂಡಿನ ಬಣ್ಣ, ನಾನು ತಿಂದ ಪೊರೋಟ ಎರಡು ಎಂಬುದನ್ನೂ ಬರೆದೆ.

ಮಾತನಾಡಿಸಿದರೆ ಅವನಿಗೆ ಚೆನ್ನಾಗಿ ಕನ್ನಡ ಬರುತ್ತಿತ್ತು. ಅವನ ಮಾವ ಕವಲಂದೆ ಹತ್ತಿರ ಗುತ್ತಿಗೆಗೆ ಭೂಮಿ ಹಿಡಿದು ಶುಂಠಿ ಬೆಳೆಯುತ್ತಿದ್ದರಂತೆ. ಶಾಲೆಯ ರಜೆಗಳೆಲ್ಲ ಇವನು ಅಲ್ಲೇ ಕಳೆದದ್ದು. ಮ್ಯಾಚಿಗೆ ಆರು ಸಾವಿರ ಕೇಳಿದ. ಮೂರಕ್ಕೆ ಹದಿನೆಂಟು. ನಮ್ಮ ಬಲೆಯ ಡಬ್ಬಿಯಲ್ಲಿ ಇದ್ದದ್ದು ಹದಿನೆಂಟು ಸಾವಿರದ ಇನ್ನೂರು.

ಡಬ್ಬಿ ಇದ್ದದ್ದು ಹೋಟೆಲಕ್ಕನ ಬಳಿ. ಮೈದಾನದ ದಾರಿಯಲ್ಲಿ ಟೀ, ಬೋಂಡದ ಹೋಟೆಲು ನಡೆಸುವ ಅವರನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಒಂದು ಮ್ಯಾಚನ್ನೂ ತಪ್ಪಿಸಿದವರಲ್ಲ. ಬಲೆಗೆ ಹೆಚ್ಚು ಕೊಟ್ಟವರೂ ಅವರೇ. ಆಟಗಾರರು, ಅಭಿಮಾನಿಗಳು, ಒಟ್ಟು ಮೂವತ್ತೊಂದು ಜನ ಹೋಟೆಲಿನ ಮುಂದೆ ಸೇರಿದ ಆ ಬುಧವಾರ ಚಿಕ್ಕಪ್ಪ ನನ್ನ ನೋಟ್‌ಬುಕ್ಕನ್ನು ಎತ್ತಿ ತೋರಿಸಿದರು.

"ಐದ್ ಮ್ಯಾಚು, ಒಂಬತ್ ಗೋಲು. ಬರ್ದಿರೋದು ನೋಡ್ರಿ. ಬಲೆ ಮುಂದಿನ್ ವರ್ಸ ತಗಳವ."

"ಬಲೆ ಓಡೋಗಾಕಿಲ್ಲ ಸಾಮಿ" ಅಂದರು ಅಕ್ಕ. "ಇವ್ನು ಬಂದು ಒಡೀದೆ ಓದ್ರೆ?"

ಚಿಕ್ಕಪ್ಪ ತೋಳಿನ ಪಟ್ಟಿಯನ್ನು ಎರಡು ಬೆರಳಿನಲ್ಲಿ ಎಳೆದು ಪಟ್ಟೆಂದು ಬಿಟ್ಟರು. "ಮೂರ್ ಮ್ಯಾಚ್‌ನಾಗೆ ಅವ್ನು ಒಂದಾದ್ರೂ ಗೋಲ್ ಒಡೀಲಿಲ್ಲ ಅಂದ್ರೆ, ಇದನ್ನ ಬಿಚ್ಚಿ ನಿಮ್ ಕೈಗೆ ಕೊಡ್ತೀನಿ. ಸಾಕಾ?"

ಸಾಕು ಅಂದರು. ಡಬ್ಬಿ ಚಿಕ್ಕಪ್ಪನ ಕೈಗೆ ಬಂತು. ಅವರು ಪಣಕ್ಕಿಟ್ಟದ್ದು ಹದಿನಾರು ವರ್ಷವನ್ನು, ಆಧಾರ ನನ್ನ ಒಂದು ಪುಟ. ಅವತ್ತಿನ ದಿನಚರಿಯಲ್ಲಿ "ಸಂತೋಷವಾಯಿತು" ಎಂದು ಬರೆದಿದ್ದೇನೆ.

ಫೆಬ್ರವರಿ ಕೊನೆಯ ವಾರ ಸ್ಟ್ರೈಕರ್ ಬಂದು ಮಾವನ ಶುಂಠಿ ಹೊಲದ ಶೆಡ್ಡಿನಲ್ಲಿ ಇಳಿದುಕೊಂಡ. ದಿನಾ ಸಂಜೆ ಬಸ್ಸಿನಲ್ಲಿ ಪ್ರಾಕ್ಟೀಸಿಗೆ ಬರುತ್ತಿದ್ದ. ಕಾರ್ಖಾನೆಯ ಪಾಳಿ ಮುಗಿಸಿ ಸೇರುವವರು ಹದಿನಾಲ್ಕು ಜನ, ಏಳೇಳು ಮಂದಿ ಮಾಡಿಕೊಂಡು ಆಡುತ್ತಿದ್ದರು. ನಾಲ್ಕು ಸಂಜೆಗೆ ಹನ್ನೆರಡು ಗೋಲು. ಹನ್ನೆರಡು ಸಲ ಜೋಳದ ಹೊಲಕ್ಕೆ ಹೋಗಿ ಬಂದ. ಹೊಲದ ಯಜಮಾನ ಮೊದಲ ದಿನ ಬೈದ, ಎರಡನೇ ದಿನ ಬೈದ, ಮೂರನೇ ದಿನ ಕೈಕಟ್ಟಿ ನೋಡುತ್ತ ನಿಂತ.

ಮಾರ್ಚ್ 2, ಭಾನುವಾರ. ಮೊದಲ ಮ್ಯಾಚು, ಸೋಮನಾಥಪುರದ ಕಡೆಯ ಹುಡುಗರ ಮೇಲೆ. ಗೂಡ್ಸ್ ಗಾಡಿಯಲ್ಲಿ ಇಪ್ಪತ್ತಾರು ಜನ ಹೋದೆವು. ಗಾಡಿ ನಮ್ಮ ಬ್ಯಾಕ್ ಆಟಗಾರನದು. ಅವನು ತರಕಾರಿ ಮಂಡಿಯಲ್ಲಿ ಲೋಡಿಂಗ್ ಮಾಡುವವನು, ಕುಂಬಳಕಾಯಿಯನ್ನು ನೆಲದಿಂದ ಲಾರಿಯ ತುದಿಗೆ ಎಸೆಯುವುದರಲ್ಲಿ ಅವನಿಗೆ ಸಮನಿಲ್ಲ. ಗಾಡಿಯ ಮೂಲೆಗಳಲ್ಲಿ ಹಿಂದಿನ ದಿನದ ಈರುಳ್ಳಿ ಸಿಪ್ಪೆ ಇತ್ತು. ದಾರಿಯುದ್ದಕ್ಕೂ ಕೂಗಿಕೊಂಡು ಹೋದೆವು. ಟಿ. ನರಸೀಪುರದ ಸೇತುವೆಯ ಮೇಲಂತೂ ಎದುರು ಬಂದ ಬಸ್ಸಿನವರು ಮದುವೆ ದಿಬ್ಬಣವೆಂದು ತಿಳಿದು ಕೈಬೀಸಿದರು.

ಹತ್ತನೇ ನಿಮಿಷದಲ್ಲಿ ಸ್ಟ್ರೈಕರ್ ಚೆಂಡನ್ನು ಒಳಗೆ ತಟ್ಟಿದ. ನಾವು ಕುಣಿದೆವು. ಕುಣಿದು ಮುಗಿಸುವಾಗ ನೋಡಿದರೆ ಗೆರೆಯ ಪಕ್ಕದಲ್ಲಿದ್ದ ಲೈನ್ಸ್‌ಮನ್ ಬಾವುಟ ಎತ್ತಿ ನಿಂತಿದ್ದ. ಆಫ್‌ಸೈಡ್. ಪಾಸು ಹೊರಡುವ ಹೊತ್ತಿಗೆ ನಮ್ಮವನಿಗೂ ಗೋಲಿಗೂ ನಡುವೆ ಗೋಲ್‌ಕೀಪರ್ ಅಲ್ಲದೆ ಇನ್ನೊಬ್ಬ ಎದುರಾಳಿ ಇರಬೇಕು. ನಮ್ಮವನು ಅವರೆಲ್ಲರ ಬೆನ್ನ ಹಿಂದೆ ಬಸ್ಸಿಗೆ ಕಾಯುತ್ತಿದ್ದ.

"ಒಂದಡಿ ಮುಂದಿದ್ದ, ಬಿಡು" ಅಂದರು ಪಕ್ಕದವರು. ನಾನು ಪುಟದ ಅಂಚಿನಲ್ಲಿ ಒಂದು ಗೀಟು ಹಾಕಿದೆ. ಮ್ಯಾಚು ಮುಗಿಯುವಾಗ ಅಂಚಿನಲ್ಲಿ ಐದು ಗೀಟು. ಸೊನ್ನೆ ಒಂದರಲ್ಲಿ ಸೋತೆವು.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ. ಭಾನುವಾರದ ಮ್ಯಾಚಿನಲ್ಲಿ ದೊಡ್ಡ ತಪ್ಪು ಯಾರದೆಂದು ಸಂಜೆ ಅಕ್ಕನ ಹೋಟೆಲಿನ ಮುಂದೆ ಕೈ ಎತ್ತಿಸಿ ತೀರ್ಮಾನಿಸುತ್ತೇವೆ. ಅವನು ಸೋಮವಾರ ಬೆಳಿಗ್ಗೆ ಕಪಿಲಾ ಹೊಳೆಗೆ ಹೋಗಿ ಹದಿನಾಲ್ಕೂ ಜೆರ್ಸಿ ಒಗೆಯಬೇಕು. ಅಂದು ಪಾಳಿ ಗೋಲ್‌ಕೀಪರಿಗೆ ಬಂತು. ಸ್ಟ್ರೈಕರ್ ಹೊಸಬ, ಮೇಲಾಗಿ ಅತಿಥಿ ಎಂದು ಬಿಟ್ಟರು.

ಮಾರ್ಚ್ 9. ಮೈಸೂರಿನ ಕಡೆಯ ತಂಡದ ಮೇಲೆ ಸೊನ್ನೆ ಸೊನ್ನೆ. ಈ ಸಲ ನಾನು ಬಾವುಟಕ್ಕೆ ಒಂದು ಕಾಲಮ್ಮನ್ನೇ ಎಳೆದುಕೊಂಡು ಹೋಗಿದ್ದೆ. ಅವನಿಗೆ ಚೆಂಡು ಬಂದದ್ದು ಕಾಲಿನ ಪಾಸಿನಿಂದಲೋ, ಗೆರೆಯಾಚೆಯಿಂದ ಕೈಯಲ್ಲಿ ಎಸೆದ ಥ್ರೋದಿಂದಲೋ ಎಂಬುದಕ್ಕೆ ಇನ್ನೊಂದು. ಬಾವುಟ ಎಂಟು. ಆರನೇ ಬಾವುಟದ ಹೊತ್ತಿಗೆ ನಮ್ಮವರೇ ಶುರುಮಾಡಿದ್ದರು.

"ಲೇ, ಆ ಲೈನ್ಸ್‌ಮನ್‌ಗೆ ತೋಳ್ ನೋವ್ ಬಂದೈತೆ, ಸ್ವಲ್ಪ ರೆಸ್ಟ್ ಕೊಡೋ!"

"ಆರ್ ಸಾವ್ರ ಇವ್ನಿಗಲ್ಲ, ಬಾವುಟ ಎತ್ತೋನ್ಗೆ ಕೊಡ್ಬೇಕಿತ್ತು ಕಣ್ಲಾ. ಅವ್ನು ಕೆಲ್ಸ ಮಾಡ್ತಾವ್ನೆ."

"ಆ ದುಡ್ಡಲ್ಲಿ ಒಂದೆಮ್ಮೆ ಬಾಡ್ಗೆಗೆ ತಂದು ಗೋಲ್ ಮುಂದೆ ಕಟ್ಟಿದ್ರೂ ಆಗಿತ್ತು" ಅಂದರು ಅಕ್ಕ, ಬೋಂಡದ ಚೀಲ ಮಡಿಲಲ್ಲಿಟ್ಟುಕೊಂಡು. "ಗೋಲ್ ಒಡೀದಿದ್ರೆ ಆಲಾದ್ರೂ ಕೊಡ್ತಿತ್ತು."

ಅಂಥ ಮಾತಿಗೆ ನಾನೂ ನಕ್ಕೆ. ಗಾಡಿಯಲ್ಲಿ ವಾಪಸು ಬರುವಾಗ ಮಾತ್ರ ನಗಲಿಲ್ಲ. ಸ್ಟ್ರೈಕರ್ ಹಿಂದಿನ ಮೂಲೆಯಲ್ಲಿ ಬೂಟಿನ ಲೇಸು ಬಿಚ್ಚುತ್ತ, ಬಿಚ್ಚಿದ್ದನ್ನೇ ಮತ್ತೆ ಕಟ್ಟುತ್ತ ಕುಳಿತಿದ್ದ. ಅವನಿಗೆ ಇವರ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು ಎಂಬುದನ್ನು ಎಲ್ಲರೂ ಮರೆತಿದ್ದರು.

ಸಂಜೆ ಕೈ ಎತ್ತುವಾಗ ಹತ್ತೊಂಬತ್ತು ಜನ ಅವನ ಮೇಲೆ ಎತ್ತಿದರು. ಅತಿಥಿ ಎಂಬ ಮಾತು ಈಗ ನಡೆಯಲಿಲ್ಲ. ಚಿಕ್ಕಪ್ಪ ಎದ್ದು, "ಕರ್ಕಂಡ್ ಬಂದೋನ್ ನಾನು. ಜೆರ್ಸಿ ಇಲ್ಲಿ ಕೊಡ್ರಿ" ಅಂದರು. ಚೀಲವನ್ನು ಹೆಗಲಿಗೇರಿಸಿಕೊಂಡು ಹೋದರು. ನನ್ನ ನೋಟ್‌ಬುಕ್ಕಿನ ಮಾತನ್ನು ಅವರು ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಸೋಮವಾರ ಬೆಳಿಗ್ಗೆ ಡೇರಿಯಿಂದ ನಂಜನಗೂಡಿಗೆ ಕೆಲಸದ ಮೇಲೆ ಹೋದವನು ಸೇತುವೆಯ ಮೇಲಿಂದ ನೋಡಿದೆ. ಸೋಪಾನಕಟ್ಟೆಯ ಕೆಳಗಿನ ಮೆಟ್ಟಿಲಲ್ಲಿ ಚಿಕ್ಕಪ್ಪ, ಮಡಿಸಲಾಗದ ಎಡಗಾಲನ್ನು ನೇರವಾಗಿ ಚಾಚಿಕೊಂಡು, ಜೆರ್ಸಿ ಕುಕ್ಕುತ್ತಿದ್ದರು. ಎಣಿಸಿದೆ. ಒಂಬತ್ತು ಮುಗಿದಿತ್ತು, ಐದು ಉಳಿದಿತ್ತು.

ಆ ಮಧ್ಯಾಹ್ನ ಜನವರಿಯ ಪುಟಗಳನ್ನು ತೆಗೆದೆ. ಗಡಿಯಾಚೆ ಐದು ಮ್ಯಾಚಿನಲ್ಲಿ ಅವನ ಮೇಲೆ ಬಾವುಟ ಎಷ್ಟು ಸಲ ಎದ್ದಿತ್ತು ಎಂದು ಹುಡುಕಿದೆ. ಏನೂ ಇರಲಿಲ್ಲ. ನಾನು ಬರೆಯದೆ ಬಿಟ್ಟಿದ್ದೆನೇ, ಎದ್ದೇ ಇರಲಿಲ್ಲವೇ? ಕಣ್ಣು ಮುಚ್ಚಿ ಆ ಗದ್ದೆಯನ್ನು ನೆನೆಸಿಕೊಂಡೆ. ಗೆರೆಯ ಪಕ್ಕ ಒಬ್ಬ ನಿಂತಿದ್ದ, ನಿಜ. ಅವನ ಕೈಯಲ್ಲಿ ಇದ್ದದ್ದು ಕೊಡೆ. ಇನ್ನೊಂದೂ ನೆನಪಾಯಿತು. ಆ ಕಡೆ ಏಳು, ಈ ಕಡೆ ಏಳು. ಗದ್ದೆ ಚಿಕ್ಕದು, ಅದಕ್ಕೆ ಏಳು ಜನ ಎಂದು ಆಗ ಅಂದುಕೊಂಡಿದ್ದೆ. ಬರೆದುಕೊಂಡಿರಲಿಲ್ಲ. ತಿಂದ ಪೊರೋಟ ಬರೆದಿದ್ದೆ.

ಸ್ಟ್ರೈಕರ್‌ಗೆ ಫೋನ್ ಮಾಡಿದೆ. "ನಿಮ್ ಕಡೆ ಆಡ್ತಾರಲ್ಲ, ಅದ್ರಲ್ಲಿ ಆಫ್‌ಸೈಡ್ ಇಲ್ವಾ?"

"ಸೆವೆನ್ಸ್‌ನಲ್ಲಿ ಎಲ್ಲಿಯ ಆಫ್‌ಸೈಡ್?" ಅಂದ ಅವನು, ಮಳೆಗೆ ಕೊಡೆ ಯಾಕೆ ಎಂದು ಕೇಳಿದವನಿಗೆ ಹೇಳುವ ಹಾಗೆ. "ನೀವು ನೋಡಿದ್ದೀರಲ್ಲ."

"ಹನ್ನೊಂದು ಜನದ ಆಟ ಆಡಿಲ್ವಾ ನೀವು?"

"ಶಾಲೆಯಲ್ಲಿ ಆಡಿದ್ದೆ. ರೂಲು ನನಗೆ ಗೊತ್ತು. ಕಾಲಿಗೆ ಗೊತ್ತಿಲ್ಲ."

ಅವನು ಮೋಸ ಮಾಡಿರಲಿಲ್ಲ. ಚಿಕ್ಕಪ್ಪನೂ ದುಡುಕಿರಲಿಲ್ಲ. ಏಳು ಜನ ಎಂಬ ಒಂದು ಪದ ನನ್ನ ಪುಟದಲ್ಲಿ ಇದ್ದಿದ್ದರೆ, ಅವರು ಆಗಲೇ ತಲೆ ಅಲ್ಲಾಡಿಸಿ ಪುಸ್ತಕ ಮುಚ್ಚುತ್ತಿದ್ದರು. ಒಂಬತ್ತು ಗೋಲಿನ ಸಾಲಿನ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ "ಏಳು ಜನದ ಆಟ. ಆಫ್‌ಸೈಡ್ ಇಲ್ಲ. ನೋಡಿದವನು ಗಮನಿಸಲಿಲ್ಲ" ಎಂದು ಬರೆದು ಸಣ್ಣ ಸಹಿ ಹಾಕಿದೆ.

ಬರೆಯುವುದು ಸುಲಭ. ಬುಧವಾರ ಹೋಟೆಲಿನ ಮುಂದೆ ಅದನ್ನು ಓದಬೇಕಾಯಿತು. ಚಿಕ್ಕಪ್ಪನ ಪಟ್ಟಿ ಯಾರ ಕೈಗೆ ಹೋಗಬೇಕು ಎಂದು ಆಗಲೇ ಇಬ್ಬರು ಮೂವರ ಹೆಸರು ಓಡಾಡುತ್ತಿದ್ದವು. ನಾನು ಎದ್ದು ನಿಂತು ಪುಟವನ್ನು ಓದಿ ಮುಗಿಸಿದೆ.

"ಅಂಗಾರೆ ನೀನು ಮೂರ್ ಸಲ ಓಗಿ ನೋಡ್ಕಂಡ್ ಬಂದಿದ್ದು ಏನ್ಲಾ?" ಅಂದ ಮಂಡಿಯ ಬ್ಯಾಕ್ ಆಟಗಾರ.

"ಗೋಲು" ಅಂದೆ.

"ಲೀಟ್ರು ಬರ್ದು ಫ್ಯಾಟ್ ಬುಟ್ಬುಟ್ಟವ್ನೆ ಕಣ್ರೋ!" ಅಂದರು ಅಕ್ಕ. ಎಲ್ಲರೂ ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು, ಆದರೆ ಅಕ್ಕ ಅಲ್ಲಿಗೆ ಬಿಡಲಿಲ್ಲ. ಚಿಕ್ಕಪ್ಪನ ಕಡೆ ತಿರುಗಿದರು. "ಪುಸ್ತಕ ತಪ್ಪು, ಸರಿ. ಮಾತ್ ಯಾರ್ದು?"

"ನಂದೇ ಅಕ್ಕ. ಇನ್ನೊಂದ್ ಮ್ಯಾಚ್ ಐತಲ್ಲ" ಅಂದರು ಚಿಕ್ಕಪ್ಪ.

ನನಗೆ ಶಿಕ್ಷೆ ಆಯಿತು, ಜೆರ್ಸಿ ಒಗೆಯುವುದು. ಚಿಕ್ಕಪ್ಪ ಸೋಮವಾರವೇ ಒಗೆದು, ಮಡಿಸಿ, ಅಕ್ಕನ ಹೋಟೆಲಿನ ಬೀರುವಿನಲ್ಲಿ ಇಟ್ಟಿದ್ದರು. ಆದರೂ ಪದ್ಧತಿ ಪದ್ಧತಿಯೇ. ಗುರುವಾರ ಬೆಳಿಗ್ಗೆ ಹಾಲಿನ ಪಾಳಿ ಮುಗಿಸಿ ಹದಿನಾಲ್ಕು ಶುಭ್ರವಾದ ಜೆರ್ಸಿಗಳನ್ನು ನದಿಗೆ ಕೊಂಡೊಯ್ದೆ. ಪಕ್ಕದ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ನೀರಿನ ಬಣ್ಣವೇ ಬದಲಾಗದ್ದನ್ನು ನೋಡಿ, "ಕೊಳೆನೇ ಇಲ್ವಲ್ಲಪ್ಪ, ಏನ್ ಒಗೀತಿದೀಯ?" ಅಂದರು. ತಪ್ಪನ್ನು ಎಂದು ಹೇಳುವಷ್ಟು ಧೈರ್ಯ ಇರಲಿಲ್ಲ.

ಐದನೇ ಜೆರ್ಸಿಯ ಹೊತ್ತಿಗೆ ಸ್ಟ್ರೈಕರ್ ಬಂದ. ಕವಲಂದೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ. ಪ್ಯಾಂಟು ಮಡಿಸಿಕೊಂಡು ಕೆಳಗಿನ ಮೆಟ್ಟಿಲಿಗೆ ಇಳಿದು, ಕೇಳದೆಯೇ ಏಳು ಜೆರ್ಸಿ ತೆಗೆದುಕೊಂಡ.

"ನಾನು ಒಗೆಯಬೇಕಿತ್ತು. ಚೇಟ್ಟ ಒಗೆದರು" ಅಂದ. ಚಿಕ್ಕಪ್ಪನನ್ನು ಅವನು ಹಾಗೆ ಕರೆಯುತ್ತಿದ್ದ, ಅವರ ಕಡೆ ಅಣ್ಣ ಎನ್ನುವಂತೆ. "ದುಡ್ಡು ವಾಪಸು ಕೊಡಲಾ ಅಂತ ಕೇಳಿದೆ. ಆಡು ಅಂದರು. ನಿಮ್ಮ ಪುಸ್ತಕದಲ್ಲಿ ನನ್ನದು ಎಷ್ಟು ಕೆಟ್ಟದಾಗಿ ಇದೆ, ತೋರಿಸಿ."

ಕೈ ಒರೆಸಿಕೊಂಡು ಮೆಟ್ಟಿಲ ಮೇಲೆ ಪುಟ ತೆರೆದಿಟ್ಟೆ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಬೆರಳಿಟ್ಟು ಓದಿದೆ. ಎರಡನೇ ಮ್ಯಾಚು. ಕಾಲು, ಬಾವುಟ. ಕಾಲು, ಬಾವುಟ. ಕೈ, ಇಲ್ಲ. ಕಾಲು, ಬಾವುಟ. ಕೈ, ಇಲ್ಲ.

ಅವನು ನನ್ನ ಬೆರಳನ್ನು ಹಿಡಿದು ನಿಲ್ಲಿಸಿದ. "ಕೈ ಅಂದರೆ ಥ್ರೋ? ಆಗೆಲ್ಲ ನಾನು ಎಲ್ಲಿ ನಿಂತಿದ್ದೆ?"

"ಅಲ್ಲೇ. ಬಸ್‌ಸ್ಟಾಂಡಲ್ಲಿ."

ಒಟ್ಟು ಮೂರು ಥ್ರೋ. ಮೂರು ಸಲವೂ ಬಾವುಟ ಎದ್ದಿರಲಿಲ್ಲ. ಥ್ರೋದಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಎಂಬುದು ಆಟದ ಹಳೆಯ ನಿಯಮವಂತೆ, ಫೋನಿನಲ್ಲಿ ನೋಡಿ ಖಚಿತ ಮಾಡಿಕೊಂಡೆವು. ಸಂಜೆ ಚಿಕ್ಕಪ್ಪನಿಗೆ ಹೇಳಿದರೆ, "ಅದು ನಂಗೆ ಇಪ್ಪತ್ ವರ್ಸದಿಂದ ಗೊತ್ತು ಕಣ್ಲಾ. ಗೆರೆಯಿಂದ ಗೋಲ್ ತಂಕ ಎಸೆಯೋನ್ ಯಾರು?" ಅಂದರು. ಅಂದವರೇ ನಿಧಾನವಾಗಿ ಮಂಡಿಯ ಬ್ಯಾಕ್ ಆಟಗಾರನ ಕಡೆ ತಿರುಗಿದರು. ಅವನು ಬೋಂಡ ತಿನ್ನುತ್ತಿದ್ದ.

ಮೊದಲಿಗೆ ಅದು ಸರಿಬರಲಿಲ್ಲ. ಕುಂಬಳಕಾಯಿ ಎಸೆಯುವುದು ಎದೆಯ ಮಟ್ಟದಿಂದ, ಥ್ರೋ ಎಸೆಯಬೇಕಾದದ್ದು ತಲೆಯ ಹಿಂದಿನಿಂದ. ಗುರುವಾರ ಇಪ್ಪತ್ತು ಎಸೆದ, ಹದಿನೇಳು ತಪ್ಪು. ಶುಕ್ರವಾರ ಇಪ್ಪತ್ತರಲ್ಲಿ ಎಂಟು ತಪ್ಪು. ಶನಿವಾರ ಎರಡು. ಎಸೆದಾಗಲೆಲ್ಲ ಮಂಡಿಯ ರೂಢಿಯಂತೆ "ಇಡ್ಕೋ!" ಎಂದು ಕೂಗುತ್ತಿದ್ದ. ಅದನ್ನು ಮಾತ್ರ ಬಿಡಿಸಲಾಗಲಿಲ್ಲ.

ಮಾರ್ಚ್ 16. ಕೊನೆಯ ಮ್ಯಾಚು, ನರಸೀಪುರದವರ ತಂಡದ ಮೇಲೆ, ಅವರದೇ ಊರಿನಲ್ಲಿ. ಇಪ್ಪತ್ತೆರಡನೇ ನಿಮಿಷಕ್ಕೆ ಅವರ ಗೋಲು. ಮೊದಲರ್ಧದಲ್ಲಿ ನಮಗೆ ಅವರ ಗೋಲಿನ ಹತ್ತಿರ ಒಂದೂ ಥ್ರೋ ಸಿಗಲಿಲ್ಲ. ಬಾವುಟ ನಾಲ್ಕು. ನಮ್ಮವರ ಬಾಯಿ ಮತ್ತೆ ಬಿಚ್ಚಿಕೊಂಡಿತು. ಅರ್ಧ ಸಮಯದಲ್ಲಿ ಚಿಕ್ಕಪ್ಪ ಮಂಡಿಗೆ ಬ್ಯಾಂಡೇಜ್ ಬಿಗಿ ಮಾಡಿಕೊಳ್ಳುವಾಗ ತೋಳಿನ ಪಟ್ಟಿಯನ್ನೂ ಒಮ್ಮೆ ಮೇಲಕ್ಕೆ ಎಳೆದುಕೊಂಡದ್ದನ್ನು ನೋಡಿದೆ.

ಅರವತ್ತೇಳನೇ ನಿಮಿಷ. ಚೆಂಡು ನಾವು ಕುಳಿತ ಕಡೆಯೇ ಗೆರೆ ದಾಟಿತು. ಬ್ಯಾಕ್ ಆಟಗಾರ ಅಷ್ಟು ದೂರದಿಂದ ಓಡಿ ಬಂದ. ಅಂಗೈಯನ್ನು ಜೆರ್ಸಿಗೆ ಒರೆಸಿಕೊಂಡ. ಸ್ಟ್ರೈಕರ್ ಎಲ್ಲರನ್ನೂ ದಾಟಿ ಗೋಲ್‌ಕೀಪರನ ಮೂಗಿನ ಕೆಳಗೆ ಹೋಗಿ ನಿಂತ. ನರಸೀಪುರದ ಅಭಿಮಾನಿಗಳು ನಕ್ಕು, "ಆಫ್‌ಸೈಡಣ್ಣ ಬಂದ!" ಎಂದು ಕೂಗಿದರು. ಮೂರು ವಾರದಲ್ಲಿ ಅವನಿಗೆ ಆ ಊರಿನಲ್ಲೂ ಒಂದು ಹೆಸರಾಗಿತ್ತು.

"ಇಡ್ಕೋ!"

ಚೆಂಡು ಮೇಲೆದ್ದು, ಎಲ್ಲರ ತಲೆಯ ಮೇಲೆ ಹೋಯಿತು. ನಾನು ಬಾವುಟ ನೋಡಿದೆ. ಬಾವುಟ ಕೆಳಗಿತ್ತು. ಕೆಳಗೇ ಇತ್ತು. ಎದ್ದೀತು, ಈಗ ಎದ್ದೀತು ಎಂದು ಅದನ್ನೇ ನೋಡುತ್ತಿರುವಾಗ ಅಕ್ಕ ನನ್ನ ಬೆನ್ನಿಗೆ ಗುದ್ದಿದರು, ಬೋಂಡದ ಚೀಲ ಚೆಲ್ಲಿತು, ಕುಳಿತಿದ್ದ ನಮ್ಮವರೆಲ್ಲ ಒಟ್ಟಿಗೆ ಎದ್ದರು. ಗೋಲು. ರೆಫರಿ ಮಧ್ಯಗೆರೆಯ ಕಡೆ ಕೈ ತೋರಿಸಿಯಾಗಿತ್ತು.

ಉಳಿದ ಇಪ್ಪತ್ತಮೂರು ನಿಮಿಷ ಏನೂ ಆಗಲಿಲ್ಲ. ಒಂದು ಒಂದು. ನಾಲ್ಕರಲ್ಲಿ ಮೂರನೆಯವರಾದೆವು. ಮೈದಾನದ ಅಂಚಿಗೆ ಎಲ್ಲರೂ ಬಂದು ನನ್ನ ಸುತ್ತ ನಿಂತರು.

"ಬರ್ದಾ? ಸ್ಟ್ರೈಕರ್, ತಲೆ, ಅರವತ್ತೇಳು. ಬರಿ, ಬರಿ!"

ಪೆನ್ನು ಕಾಗದದ ಮೇಲೆ ನಿಂತಿತ್ತು. ಥ್ರೋ ಯಾರಿಗೂ ತಾಗದೆ ಒಳಗೆ ಹೋದರೆ ಗೋಲಾಗುವುದಿಲ್ಲ. ಆದ್ದರಿಂದ ಯಾರಿಗೋ ತಾಗಿತ್ತು. ಯಾರಿಗೆ? ಗಡಿಯಾಚೆ ಗೋಲು ಮಾತ್ರ ನೋಡಿ ಬಾವುಟ ನೋಡದೆ ಕೆಟ್ಟವನು, ಈ ಸಲ ಬಾವುಟ ಮಾತ್ರ ನೋಡಿ ಗೋಲನ್ನು ನೋಡಿರಲಿಲ್ಲ. ಚಿಕ್ಕಪ್ಪ ಸ್ವಲ್ಪ ಆಚೆ ನೀರು ಕುಡಿಯುತ್ತಿದ್ದರು. ಇತ್ತ ನೋಡುತ್ತಿರಲಿಲ್ಲ.

"ನಾನು ನೋಡ್ಲಿಲ್ಲ" ಅಂದೆ. "ಯಾರ್ಗೆ ತಾಗ್ತು?"

"ಅವ್ನ್ ತಲೆಗೇ ಕಣೋ!" ಅಂದರು ಆರೇಳು ಜನ. ಹಿಂದಿನ ವಾರ ಅವನನ್ನು ಎಮ್ಮೆಗೆ ಹೋಲಿಸಿದಾಗ ನಕ್ಕ ಅದೇ ಬಾಯಿಗಳು. "ನಾವ್ ನೋಡಿದೀವಲ್ಲ. ಬರಿ ನೀನು."

ನಾನು ಸ್ಟ್ರೈಕರನ ಮುಖ ನೋಡಿದೆ. ಅವನಿಗೆ ಗೊತ್ತಿತ್ತು, ಆ ಒಂದು ಸಾಲಿನ ಮೇಲೆ ಏನು ನಿಂತಿದೆ ಎಂಬುದು. ಒಂದು ಕ್ಷಣ ಹಣೆಯನ್ನು ಮುಟ್ಟಿಕೊಂಡ. ಚೆಂಡು ತಾಗಿದ ಗುರುತನ್ನು ಹುಡುಕುವವನ ಹಾಗೆ.

"ನಾನು ಹಾರಿದೆ. ಸಿಗಲಿಲ್ಲ" ಅಂದ. "ಅವರ ಬ್ಯಾಕ್ ಆಟಗಾರನ ಭುಜಕ್ಕೆ ಬಡಿದು ಹೋಯಿತು."

ನಾನು ಬರೆದೆ. 67ನೇ ನಿಮಿಷ, ಎದುರಾಳಿಯ ಸ್ವಂತ ಗೋಲು. ಸ್ಟ್ರೈಕರ್, ಮೂರು ಮ್ಯಾಚು, ಸೊನ್ನೆ.

"ಥೂ ನಿನ್ನ! ಒಂದು ಗೆರೆ ಆ ಕಡೆ ಈ ಕಡೆ ಬರ್ದಿದ್ರೆ ಏನ್ ಆಸ್ತಿ ಓಗ್ತಿತ್ತು?" ಅಂದರು ಅಕ್ಕ. ಆದರೆ ನೆಲದಲ್ಲಿ ಉಳಿದ ಒಂದು ಒಳ್ಳೆಯ ಬೋಂಡವನ್ನು ಆರಿಸಿ, ಒರೆಸಿ, ಸ್ಟ್ರೈಕರನ ಕೈಗೆ ಕೊಟ್ಟರು.

ಚಿಕ್ಕಪ್ಪ ಕುಂಟುತ್ತ ಬಂದರು. ಕೇಳಿಸಿಕೊಂಡಿದ್ದರು. ತೋಳಿನಿಂದ ಪಟ್ಟಿಯನ್ನು ಬಿಚ್ಚಿ ಅಕ್ಕನ ಮುಂದೆ ಹಿಡಿದರು. ಪಟ್ಟಿ ಇದ್ದ ಜಾಗದಲ್ಲಿ ತೋಳು ಬಿಸಿಲು ಕಾಣದೆ ಬೇರೆ ಬಣ್ಣವಾಗಿತ್ತು.

"ಇದೇನ್ ಸಾಮಿ, ಚೆಲ್ಲಾಟಕ್ಕೆ ಅಂದಿದ್ದು" ಅಂದರು ಅಕ್ಕ. ಕೈ ಚಾಚಲಿಲ್ಲ.

"ನಾನ್ ಚೆಲ್ಲಾಟಕ್ಕೆ ಅಂದಿರ್ಲಿಲ್ಲ" ಅಂದರು ಚಿಕ್ಕಪ್ಪ. ದನಿ ಗಟ್ಟಿಯಾಗಿಯೇ ಇತ್ತು. ಯಾರೂ ತೆಗೆದುಕೊಳ್ಳದ್ದನ್ನು ಕಂಡು, ಥ್ರೋ ಎಸೆದವನನ್ನು ಕರೆದರು. "ಬಾ ಇಲ್ಲಿ. ಇವತ್ತು ಗೋಲ್ ಬಂದಿದ್ದು ನಿನ್ ಕೈಯಿಂದ."

ಮಂಡಿಯವನು ನಾಚಿಕೊಂಡು ತೋಳು ಕೊಟ್ಟ. ಪಟ್ಟಿ ಮೊಣಕೈವರೆಗೆ ಬಂತು, ಅಲ್ಲಿಂದ ಮೇಲೆ ಹತ್ತಲಿಲ್ಲ. ಚಿಕ್ಕಪ್ಪ ಎಳೆದರು, ಅವನೂ ಎಳೆದ. "ರಕ್ತ ನಿಂತೋಯ್ತು ಅಣ್ಣೋ, ಬುಡು!" ಎಂದು ಅವನು ಕೂಗಿಕೊಂಡಾಗ ನರಸೀಪುರದವರು ಕೂಡ ಈ ಕಡೆ ಬಂದು ನಗುತ್ತ ನಿಂತರು. ಕೊನೆಗೆ ಚಿಕ್ಕಪ್ಪ ಅದನ್ನು ತೆಗೆದು, ನನ್ನ ಕೈಯಲ್ಲಿದ್ದ ನೋಟ್‌ಬುಕ್ಕಿಗೆ ಹಾಕಿ, ಪಟ್ಟೆಂದು ಬಿಟ್ಟರು.

"ಇದ್ರಾಗೇ ಇರ್ಲಿ. ಗಾಳಿಗೆ ಆಳೆ ಆರೋಗಾಕಿಲ್ಲ."

ಆ ಸಂಜೆ ಜೆರ್ಸಿಗೆ ಕೈ ಎತ್ತಿಸಲಾಗಲಿಲ್ಲ. ದೊಡ್ಡ ತಪ್ಪು ಎದುರಾಳಿಯ ಬ್ಯಾಕ್ ಆಟಗಾರನದು, ಅವನನ್ನು ಕಪಿಲೆಗೆ ಕರೆಸುವ ಹಾಗಿರಲಿಲ್ಲ. ಸ್ಟ್ರೈಕರ್ ಮಾರನೆಯ ದಿನ ಊರಿಗೆ ಹೋಗುವವನು ತಾನೇ ಚೀಲ ಎತ್ತಿಕೊಂಡ. ನಾನೂ ಹೋದೆ. ಈ ಸಲ ಕೊಳೆ ಚೆನ್ನಾಗಿ ಬಂತು.

ಈಗ ನನ್ನ ಪುಸ್ತಕದಲ್ಲಿ ಪ್ರತಿ ಮ್ಯಾಚಿನ ಮೇಲೂ ಮೊದಲು ಬರೆಯುವುದು "ಎಷ್ಟು ಜನ" ಎಂದು. ಬಲೆಯ ಡಬ್ಬಿಯಲ್ಲಿ ಮತ್ತೆ ಸ್ವಲ್ಪ ಹಣ ಸೇರಿದೆ. ಅದರ ಮೇಲೆ ಅಕ್ಕ ಸೀಮೆಸುಣ್ಣದಲ್ಲಿ "ಬಲೆಗೆ ಮಾತ್ರ" ಎಂದು ಬರೆಸಿದ್ದಾರೆ, ಬರೆದವನು ನಾನೇ. ಸ್ಟ್ರೈಕರ್ ಶುಂಠಿ ಹಾಕುವ ಕಾಲಕ್ಕೆ ಮಾವನ ಹೊಲಕ್ಕೆ ಬಂದಿದ್ದ. ಸಂಜೆ ಪ್ರಾಕ್ಟೀಸಿಗೂ ಬಂದ, ದುಡ್ಡಿಲ್ಲದೆ. ಗೆರೆಯ ಪಕ್ಕ ಒಂದು ಕೆಂಪು ಟವೆಲು ಹಿಡಿದು ನಾನು ನಿಂತೆ. ಮೊದಲ ಸಂಜೆ ಏಳು ಸಲ ಎತ್ತಿದೆ, ನಾಲ್ಕನೇ ಸಂಜೆ ಎರಡು.

ಮಳೆ ನಿಂತ ಮೇಲೆ ಊರಲ್ಲೇ ಒಂದು ಸ್ನೇಹದ ಮ್ಯಾಚು ಇತ್ತು. ನಮ್ಮ ತಂಡಕ್ಕೆ ಕ್ಯಾಪ್ಟನ್ ಎಂದು ಆಗಲೂ ಯಾರೂ ಇರಲಿಲ್ಲ. ಪಟ್ಟಿ ನನ್ನ ನೋಟ್‌ಬುಕ್ಕಿನ ಮೇಲಿತ್ತು. ರೆಫರಿ ನಾಣ್ಯ ಹಿಡಿದು ಮಧ್ಯದಲ್ಲಿ ನಿಂತು, "ಕ್ಯಾಪ್ಟನ್ ಯಾರ್ರೀ?" ಎಂದು ಕೇಳಿದರು. ಹತ್ತು ಜನ ಒಂದೇ ಕಡೆ ತಿರುಗಿ ನೋಡಿದರು. ಚಿಕ್ಕಪ್ಪ ಬಗ್ಗಿ ಬೂಟಿನ ಲೇಸು ಕಟ್ಟುವವರ ಹಾಗೆ ಸ್ವಲ್ಪ ಹೊತ್ತು ತಡಮಾಡಿದರು. ರೆಫರಿ ಎರಡನೇ ಸಲ ಕೇಳಿದ ಮೇಲೆ ಎದ್ದು, ಬರಿಯ ತೋಳನ್ನು ಒಮ್ಮೆ ಉಜ್ಜಿಕೊಂಡು, ಕುಂಟುತ್ತ ಮಧ್ಯಕ್ಕೆ ನಡೆದರು.

ಟಾಸ್ ಸೋತರು. ಅದನ್ನೂ ಬರೆದುಕೊಂಡೆ.